ನಾಲ್ಕನೇ ಪಾಲು

ವ್ಯಾಯಾಮ ಮಾಡಬೇಕೆಂದು ಮೈಸೂರಿನಲ್ಲಿ ಯಾರಿಗೆ ಗೊತ್ತಿರಲಿಲ್ಲ ಹೇಳಿ? ಹೇಳದ ಡಾಕ್ಟರಿರಲಿಲ್ಲ, ತಲೆಯಾಡಿಸದ ರೋಗಿಯಿರಲಿಲ್ಲ. ಮುಂದಿನ ಸೋಮವಾರದಿಂದ ಶುರು ಎಂದು ಹೊಸ ಬೂಟು ತಂದವರ ಮನೆಯಲ್ಲಿ ಆ ಬೂಟಿನೊಳಗೆ ಜೇಡ ಸಂಸಾರ ಹೂಡಿತ್ತು. ಬೆಳಿಗ್ಗೆ ಎದ್ದರೆ ಡಬ್ಬಿ ಕಟ್ಟಬೇಕು, ಬಸ್ಸು ಹಿಡಿಯಬೇಕು. ಸಂಜೆ ಬಂದರೆ ಸೊಂಟ ಮಾತು ಕೇಳುವುದಿಲ್ಲ. ಭಾನುವಾರ ಒಂದು ಸಿಕ್ಕಿತು ಅನ್ನುವಷ್ಟರಲ್ಲಿ ಯಾರದೋ ಗೃಹಪ್ರವೇಶ. ಪುರುಸೊತ್ತೆಲ್ಲಿದೆ ಸ್ವಾಮಿ, ಎಂದು ಊರಿಗೆ ಊರೇ ಕೈ ಚೆಲ್ಲಿ ಕೂತಿದ್ದಾಗ ಪಾಲುಪಟ್ಟಿ ಬಂತು.

ಅದರ ಹಿಂದಿನ ವಿಜ್ಞಾನ ಕಷ್ಟದ್ದೇನಲ್ಲ. ಮೈ ದುಡಿದಾಗ ಸ್ನಾಯುಗಳು ರಕ್ತಕ್ಕೆ ಕೆಲವು ದ್ರವ್ಯಗಳನ್ನು ಬಿಡುತ್ತವೆ. ಅವು ಒಂದು ಬಗೆಯ ಕರೆಯೋಲೆಗಳು. ಸಕ್ಕರೆ ಸುಡು ಎಂದು ಯಕೃತ್ತಿಗೆ, ಗಟ್ಟಿಯಾಗು ಎಂದು ಮೂಳೆಗೆ, ಸವೆದದ್ದನ್ನು ಸರಿಮಾಡಿಕೋ ಎಂದು ಹೃದಯಕ್ಕೆ ಹೋಗಿ ಹೇಳುತ್ತವೆ. ನಡಿಗೆ, ಓಟ, ಬಸ್ಕಿ ಎಲ್ಲದರ ಫಲ ಈ ದ್ರವ್ಯಗಳಲ್ಲಿದೆ. ತೋಳಿಗೆ ಕಟ್ಟಿಕೊಂಡ ಪಾಲುಪಟ್ಟಿ ಅವನ್ನು ಚರ್ಮದ ಮೂಲಕ ಹೀರಿಕೊಂಡು ಶೇಖರಿಸುತ್ತಿತ್ತು. ಮನೆಗೆ ಬಂದು ಪಟ್ಟಿಯನ್ನು ಒಂದು ಪುಟ್ಟ ಯಂತ್ರದೊಳಗಿಟ್ಟರೆ ಇಪ್ಪತ್ತು ನಿಮಿಷದಲ್ಲಿ ಸಾಸಿವೆಬಣ್ಣದ ಬೊಟ್ಟುಗಳು ಹೊರಬರುತ್ತಿದ್ದವು. ಕಿವಿಯ ಹಿಂದೆ ಒಂದು ಬೊಟ್ಟು ಅಂಟಿಸಿಕೊಂಡವರಿಗೆ, ಕುರ್ಚಿಯಿಂದ ಏಳದಿದ್ದರೂ ಸರಿ, ಒಂದು ಗಂಟೆ ಓಡಿದ ಫಲ. ದ್ರವ್ಯ ಮೂರು ಗಂಟೆಯೊಳಗೆ ಕೆಡುತ್ತಿದ್ದರಿಂದ ದೂರದೂರಿಗೆ ಕಳಿಸುವ ಹಾಗಿರಲಿಲ್ಲ. ಹಾಗಾಗಿ ಒಂದು ಮನೆಗೆ ಒಬ್ಬರು ಓಡಿದರೆ ಸಾಕು ಎಂದಾಯಿತು.

ಆ ಒಬ್ಬರು ಯಾರು? ಅದನ್ನೂ ಬಾಯಿಬಿಟ್ಟು ಹೇಳಬೇಕೇ? ಸರ್ಕಾರದ ನಿಯಮದಲ್ಲೇನೋ ‘ಕುಟುಂಬದ ಯಾವುದೇ ಸದಸ್ಯ’ ಎಂದಿತ್ತು. ಊರಿನಲ್ಲಿ ಪಟ್ಟಿ ತಂದಿದ್ದ ಹನ್ನೊಂದು ಸಾವಿರ ಮನೆಗಳಲ್ಲಿ ಗಂಡಸರು ಓಡುತ್ತಿದ್ದದ್ದು ಮುನ್ನೂರು ಚಿಲ್ಲರೆ ಮನೆಗಳಲ್ಲಿ, ಅದರಲ್ಲೂ ಮುಕ್ಕಾಲು ಪಾಲು ಮದುವೆಯಾಗದವರು. ಗಂಡನ ಆಯುಸ್ಸಿಗೆ ಹೆಂಡತಿ ಉಪವಾಸ ಮಾಡುವ ಸೀಮೆಯಲ್ಲಿ ಗಂಡನ ರಕ್ತದೊತ್ತಡಕ್ಕೆ ಹೆಂಡತಿ ಓಡುವುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ವಿದ್ಯಾರಣ್ಯಪುರದ ಪರಶಿವನ ಮನೆಯಲ್ಲಿ ಓಡುತ್ತಿದ್ದವಳು ಅವನ ಹೆಂಡತಿ ದಾಕ್ಷಾಯಿಣಿ. ಪರಶಿವ ಪಾಲುಪಟ್ಟಿಯ ನಿಗಾ ಕೇಂದ್ರದಲ್ಲಿ ಮುಖ್ಯ ಎಂಜಿನಿಯರು. ಅವನೇ ಓಡಬಾರದಿತ್ತೇ ಎಂದರೆ, ಓಡುವವರ ಮೇಲೆ ನಿಗಾ ಇಡುವುದರಲ್ಲೇ ಅವನಿಗೆ ಪುರುಸೊತ್ತಿರಲಿಲ್ಲ.

ಬೆಳಿಗ್ಗೆ ಐದೂವರೆಗೆ ಅವಳು ಮನೆ ಬಿಡುತ್ತಿದ್ದಳು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದು ಏಳೂಕಾಲಿಗೆ ವಾಪಸು. ಪಟ್ಟಿ ಬಿಚ್ಚಿ ಮಿಕ್ಸಿಯ ಪಕ್ಕದ ಯಂತ್ರಕ್ಕಿಟ್ಟು, ಸ್ನಾನ ಮುಗಿಸಿ, ಕುಕ್ಕರ್ ಕೂಗುವಷ್ಟರಲ್ಲಿ ಬೊಟ್ಟುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬರುತ್ತಿದ್ದಳು. ಮೊದಲು ಅತ್ತೆ ರಾಜಮ್ಮಣ್ಣಿಗೆ, ಆಮೇಲೆ ಪಿಯುಸಿ ಓದುತ್ತಿದ್ದ ಮಗಳು ಇಂಚರಾಗೆ, ಕೊನೆಗೆ ಗಂಡನಿಗೆ.

"ತಲೆ ಆ ಕಡೆ ತಿರುಗ್ಸೇ. ಪುಸ್ತಕದಿಂದ ಒಂದ್ನಿಮಿಷ ಕಣ್ಣು ತೆಗೆದ್ರೆ ಆಕಾಶ ಬಿದ್ದೋಗಲ್ಲ."

"ಅಮ್ಮಾ, ನಿನ್ನ ಕೈ ಯಾಕಿಷ್ಟು ತಣ್ಣಗಿದೆ?"

"ನೀರು ಮುಟ್ಟಿದ್ನಲ್ಲ, ಅದಕ್ಕೆ."

ರಾಜಮ್ಮಣ್ಣಿಯ ಸಕ್ಕರೆ ಕಾಯಿಲೆ ಆರು ತಿಂಗಳಲ್ಲಿ ಹದ್ದುಬಸ್ತಿಗೆ ಬಂದಿತ್ತು. ಹಬ್ಬಕ್ಕೆ ಎರಡು ಹೋಳಿಗೆ ತಿಂದರೂ ಏನೂ ಆಗುತ್ತಿರಲಿಲ್ಲ. "ನಮ್ಮ ಸೊಸೆ ಕಾಲ್ಗುಣ ಕಣ್ರೀ" ಎಂದು ಅವರು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಪರಶಿವನ ಬೊಜ್ಜು ಕರಗಿ ಹಳೆಯ ಪ್ಯಾಂಟುಗಳು ಮತ್ತೆ ಹಿಡಿಸಿದವು.

ದಾಕ್ಷಾಯಿಣಿಗೂ ಇದು ಇಷ್ಟದ ಕೆಲಸವೇ ಆಗಿತ್ತು. ಓದುವ ಕಾಲಕ್ಕೆ ಅವಳು ವಿಶ್ವವಿದ್ಯಾಲಯದ ಖೋ-ಖೋ ತಂಡದಲ್ಲಿ ಆಡಿದವಳು. ಮದುವೆಯಾದ ಮೇಲೆ ಅವಳ ಓಟವೆಲ್ಲ ಅಡಿಗೆಮನೆಯಿಂದ ಹಜಾರಕ್ಕೆ. ಬೆಳಿಗ್ಗೆ ಸೊಸೆ ಬೂಟು ಹಾಕಿಕೊಂಡು ಹೊರಟರೆ ಹಾಲಿನವನಿಂದ ಹಿಡಿದು ಅತ್ತೆಯವರೆಗೆ ಎಲ್ಲರೂ ಎಲ್ಲಿಗೆ ಎಂದು ಕೇಳುವವರೇ. ಪಾಲುಪಟ್ಟಿ ಬಂದ ಮೇಲೆ ಯಾರೂ ಕೇಳಲಿಲ್ಲ. ಹೋಗು ತಾಯಿ, ಬೇಗ ಹೋಗು ಎಂದು ಬಾಗಿಲು ತೆರೆದರು.

"ಹದಿನೆಂಟು ವರ್ಷ ಆದ್ಮೇಲೆ ನನ್ನ ಕಾಲು ನಂಗೆ ವಾಪಸ್ ಸಿಕ್ಕಿದಾವೆ ರೀ" ಎಂದು ಮೊದಲ ವಾರ ಅವಳು ಗಂಡನಿಗೆ ಹೇಳಿದ್ದಳು. ಅವಳ ಮುಖದಲ್ಲಿ ಅಂಥ ಗೆಲುವನ್ನು ಅವನು ಕಂಡು ಯಾವ ಕಾಲವಾಗಿತ್ತೋ. ಅವನಿಗೆ ನಿಜಕ್ಕೂ ಸಂತೋಷವಾಗಿತ್ತು.

*

ನಿಗಾ ಕೇಂದ್ರದ ದೊಡ್ಡ ಕೋಣೆಯಲ್ಲಿ ಗೋಡೆಯಗಲದ ಪರದೆಯೊಂದಿತ್ತು. ಪಟ್ಟಿಯಿದ್ದ ಪ್ರತಿ ಮನೆಗೂ ಅದರಲ್ಲಿ ಒಂದು ಹಸಿರು ಚುಕ್ಕೆ. ಓಡುವವರ ಎದೆಬಡಿತ, ರಕ್ತದ ಸಕ್ಕರೆ, ಸುಸ್ತು ಎಲ್ಲವನ್ನೂ ಪಟ್ಟಿ ಅಳೆದು ಕಳಿಸುತ್ತಿತ್ತು. ಏನಾದರೂ ಏರುಪೇರಾದರೆ ಚುಕ್ಕೆ ಕೆಂಪಾಗಿ, ಓಡುವವರ ತೋಳಿನ ಪಟ್ಟಿ ಕಿರುಚಿ, ಮನೆಗೊಂದು ಕರೆ ಹೋಗುತ್ತಿತ್ತು.

ಮೊದಲ ವರ್ಷದ ಶ್ರಾವಣದಲ್ಲಿ ಆ ಪರದೆ ದಾಸವಾಳದ ಗಿಡದ ಹಾಗೆ ಕೆಂಪಾಯಿತು. ಶ್ರಾವಣ ಸೋಮವಾರ, ಮಂಗಳಗೌರಿ, ವರಮಹಾಲಕ್ಷ್ಮಿ, ಶನಿವಾರ! ಹೆಂಗಸರು ಬರೀ ಹೊಟ್ಟೆಯಲ್ಲಿ ಓಡುತ್ತಿದ್ದರು. ಸಕ್ಕರೆ ಇಳಿಯುತ್ತಿತ್ತು, ಪಟ್ಟಿ ಕಿರುಚುತ್ತಿತ್ತು. ಕೇಂದ್ರಕ್ಕೆ ಬೈಗುಳದ ಮಳೆ.

"ಏನ್ರೀ ಇದು, ನನ್ನ ಸೊಸೆ ಕಳಶದ ಮುಂದೆ ಕೂತಿದ್ದಾಳೆ, ನಿಮ್ಮ ಪಟ್ಟಿ ಕೊಯ್ಯೋ ಅಂತ ಬಡ್ಕೊಳ್ತಿದೆ! ಉಪವಾಸ ಇದ್ರೆ ಸಾಯ್ತಾರೇನ್ರೀ? ನಮ್ಮಮ್ಮ ತೊಂಬತ್ತು ವರ್ಷ ಉಪವಾಸ ಮಾಡಿಲ್ವಾ?"

ಒಂದೇ ವಾರದಲ್ಲಿ ನಾಲ್ಕು ಸಾವಿರ ದೂರು. ಮೇಲಿನವರು ಪರಶಿವನನ್ನು ಕರೆದು ಏನಾದರೂ ಮಾಡಿ ಎಂದರು. ಅವನು ಮಾಡಿದ. ಮನೆಯಲ್ಲಿ ಮೊಳೆಗೆ ನೇತುಹಾಕಿದ್ದ ಪಂಚಾಂಗವನ್ನು ಬಿಚ್ಚಿ ತಂದು, ತಾಯಿಯನ್ನು ಕೂರಿಸಿಕೊಂಡು, ಯಾವ ಯಾವ ದಿನ ಯಾವ ವ್ರತ ಎಂದು ಒಂದೊಂದನ್ನೇ ಬರೆಸಿಕೊಂಡ. ಆ ದಿನಗಳಲ್ಲಿ ಬರುವ ಎಚ್ಚರಿಕೆಗಳನ್ನು ಉಪವಾಸದ ಆಯಾಸವೆಂದು ಬಗೆದು ಬದಿಗೆ ಸರಿಸುವ ಒಂದು ನಿಯಮ ಬರೆದ. ಕೇಂದ್ರದಲ್ಲಿ ಅದಕ್ಕೆ ‘ವ್ರತದ ಜರಡಿ’ ಎಂದು ಹೆಸರು ಬಿತ್ತು. ಕೇಂದ್ರದ ವೈದ್ಯೆ ಡಾಕ್ಟರ್ ನಸ್ರೀನ್ ಕೂಡ ಒಪ್ಪಿದರು.

"ನಮ್ಮೋರನ್ನೂ ಸೇರ್ಸಿ ಪರಶಿವ, ರಂಜಾನ್ ಮೂವತ್ತು ದಿನ ನನ್ನ ಫೋನಿಗೆ ಬಿಡುವೇ ಇರಲ್ಲ."

ಪರದೆ ಹಸಿರಾಯಿತು. ಕೇಂದ್ರದ ವಾರ್ಷಿಕೋತ್ಸವದಲ್ಲಿ ಪರಶಿವನಿಗೆ ಶಾಲು ಹೊದಿಸಿ ಹಾರ ಹಾಕಿದರು. ನಮ್ಮ ಜನರ ನಾಡಿ ಬಲ್ಲ ಎಂಜಿನಿಯರು ಎಂದು ಹೊಗಳಿದರು. ಕೇಂದ್ರದ ಯಾವ ಬುದ್ಧಿವಂತನಿಗೂ ಹೊಳೆಯದ್ದು ತನಗೆ ಹೊಳೆಯಿತಲ್ಲ ಎಂದು ಅವನೂ ಒಳಗೊಳಗೇ ಬೀಗಿದ.

ಬೀಗುವ ಭರದಲ್ಲಿ ಅವನು ಎರಡು ಸಂಗತಿಗಳನ್ನು ಮರೆತ. ಒಂದು, ಆ ವ್ರತಗಳಲ್ಲಿ ತಮ್ಮ ಮನೆಯವು ಯಾವುವೆಂದು ಮನೆಯವರೇ ಕೇಂದ್ರದ ಅರ್ಜಿಯಲ್ಲಿ ತುಂಬುತ್ತಿದ್ದರು. ಸೋಮವಾರ, ಶುಕ್ರವಾರ, ಶನಿವಾರ, ಸಂಕಷ್ಟಿ, ಹುಣ್ಣಿಮೆ, ಅಮಾವಾಸ್ಯೆ. ಅತ್ತೆಯಂದಿರು ಒಂದನ್ನೂ ಬಿಡುತ್ತಿರಲಿಲ್ಲ. ವಾರದಲ್ಲಿ ಜರಡಿಗೆ ಸಿಗದ ದಿನಗಳು ಮೂರೋ ನಾಲ್ಕೋ. ಇನ್ನೊಂದು, ಕೇಂದ್ರದ ಯಂತ್ರ ಪ್ರತಿಯೊಬ್ಬಳ ಮಾಮೂಲು ಸ್ಥಿತಿಯನ್ನು ಅವಳ ಹಿಂದಿನ ದಿನಗಳಿಂದಲೇ ಕಲಿಯುತ್ತಿತ್ತು. ಕೆಟ್ಟ ದಿನಗಳನ್ನೆಲ್ಲ ತಪ್ಪಿಲ್ಲವೆಂದು ಒಪ್ಪಿಕೊಳ್ಳುತ್ತಾ ಹೋದರೆ, ಕೆಟ್ಟದ್ದೇ ಅವಳ ಮಾಮೂಲು ಎಂದು ಅದು ಕಲಿತುಬಿಡುತ್ತದೆ. ಆಮೇಲೆ ಉಂಡ ದಿನವೂ ಅದು ಕಿರುಚುವುದಿಲ್ಲ.

*

ಒಂದು ಪಟ್ಟಿಯಿಂದ ಮೂರೇ ಬೊಟ್ಟು ತೆಗೆಯಬೇಕು, ನಾಲ್ಕನೇ ಪಾಲನ್ನು ಓಡಿದವಳ ಮೈಯಲ್ಲೇ ಬಿಡಬೇಕು. ಇದು ಮೊದಲಿನಿಂದಲೂ ಇದ್ದ ಕಟ್ಟಳೆ. ಓಡಿ ಸವೆದ ಹೃದಯಕ್ಕೆ ಸರಿಮಾಡಿಕೋ ಎಂದು ಹೇಳಲು ಅಷ್ಟಾದರೂ ಬೇಕು. ಇದು ಪರಶಿವನಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು.

ಹೋದ ಪುಷ್ಯಮಾಸದಲ್ಲಿ ಅವನ ಅಕ್ಕ ವಿಶಾಲಾಕ್ಷಿ ಮನೆಗೆ ಬಂದಳು. ಎರಡು ಬೀದಿ ಆಚೆ ಮನೆ. ಕಾಲೇಜಿನಲ್ಲಿ ಪ್ರಾಂಶುಪಾಲೆ. ಮಕ್ಕಳಿಲ್ಲ, ಗಂಡ ವಾರದಲ್ಲಿ ಐದು ದಿನ ಪರಸ್ಥಳದಲ್ಲಿ. ಸೋಫಾದಲ್ಲಿ ಕುಸಿದು ಕೂತವಳೇ ಕೈಯಲ್ಲಿದ್ದ ರಿಪೋರ್ಟನ್ನು ತಾಯಿಯ ಮಡಿಲಿಗೆ ಹಾಕಿದಳು.

"ನೋಡಮ್ಮ, ನನಗೂ ಬಂತು ಸಕ್ಕರೆ. ಡಾಕ್ಟ್ರು ದಿನಾ ಒಂದು ಗಂಟೆ ನಡೀರಿ ಅಂತಾರೆ. ಒಂಬತ್ತಕ್ಕೆ ಕಾಲೇಜು, ರಾತ್ರಿ ಎಂಟಕ್ಕೆ ವಾಪಸ್ಸು. ಎಲ್ಲಿಂದ ತರ್ಲಿ ಒಂದು ಗಂಟೆನ?"

ರಾಜಮ್ಮಣ್ಣಿ ಮಗನ ಕಡೆ ನೋಡಿದರು.

"ಏನಪ್ಪಾ ಪರಶಿವ, ಒಡಹುಟ್ಟಿದೋಳು. ನಿನ್ನ ಕೈಯಲ್ಲೇ ಇರೋ ಕೆಲಸ. ಒಂದು ಬೊಟ್ಟು ಜಾಸ್ತಿ ತೆಗೆದ್ರೆ ಏನಾಗುತ್ತೆ?"

"ಹಾಗೆ ತೆಗೆಯೋ ಹಾಗಿಲ್ಲಮ್ಮ. ಅದು ದಾಕ್ಷಿ ಪಾಲು."

"ಓಡೋಳಿಗೆ ಯಾತಕ್ಕಪ್ಪ ಬೊಟ್ಟು? ಓಡೋದೇ ಅವಳಿಗೆ ವ್ಯಾಯಾಮ ಅಲ್ವಾ?"

ಊರಿನ ಎಲ್ಲರೂ ನಂಬಿದ್ದ ಮಾತು ಅದು. ಅಡಿಗೆ ಮಾಡಿದವಳ ಹೊಟ್ಟೆ ವಾಸನೆಗೇ ತುಂಬುತ್ತದೆ ಎಂದ ಹಾಗೆ. ಇಲ್ಲಮ್ಮ, ಅದು ತಪ್ಪು ಎಂದು ಕೂತು ತಿಳಿಸಿ ಹೇಳಲು ಪರಶಿವನಿಗೆ ಐದು ನಿಮಿಷ ಸಾಕಾಗಿತ್ತು. ಅಕ್ಕನ ಮುಖ ನೋಡಿದ, ರಿಪೋರ್ಟನ್ನು ಎತ್ತಿಕೊಂಡು ಹಾಳೆ ತಿರುವಿದ. ದಾಕ್ಷಿಣ್ಯ ಎಂಬುದೊಂದು ಇದೆಯಲ್ಲ, ಅದು ನಮ್ಮ ಜನರನ್ನು ಕೊಂದಷ್ಟು ಪ್ಲೇಗೂ ಕೊಂದಿಲ್ಲ.

ಕಾಫಿ ಲೋಟ ಹಿಡಿದು ಬಂದ ದಾಕ್ಷಾಯಿಣಿಯೇ ಮುಂದಾಗಿ ಹೇಳಿದಳು. "ಕೊಡಿ ರೀ, ಅತ್ತಿಗೆಗಲ್ವಾ? ನಾನು ಗಟ್ಟಿಮುಟ್ಟಾಗಿದೀನಿ. ಬೇಕಾದ್ರೆ ಇನ್ನೂರು ಮೆಟ್ಟಿಲು ಜಾಸ್ತಿ ಹತ್ತಿದ್ರಾಯ್ತು."

ಮರುದಿನ ಪರಶಿವ ಕೇಂದ್ರದಲ್ಲಿ ಕೂತು ತನ್ನ ಮನೆಯ ಸಂಖ್ಯೆಗೆ ವಿಶೇಷ ಅನುಮತಿ ಬರೆದುಕೊಂಡ. ಆರು ತಿಂಗಳ ಮಟ್ಟಿಗೆ ಎಂದು ಮನಸ್ಸಿನಲ್ಲಿ ಅಂದುಕೊಂಡ. ಅರ್ಜಿಯಲ್ಲಿ ಗಡುವಿನ ಜಾಗ ಖಾಲಿ ಬಿಟ್ಟ.

ಯುಗಾದಿಯ ಹೊತ್ತಿಗೆ ದಾಕ್ಷಾಯಿಣಿ ಏಳೂಕಾಲಿನ ಬದಲು ಏಳೂಮುಕ್ಕಾಲಿಗೆ ಬರತೊಡಗಿದಳು. ಒಂದು ದಿನ ಅವಳು ಬಚ್ಚಲಲ್ಲಿ ಕೂತು ಕಾಲಿಗೆ ಸೋಪು ಹಚ್ಚಿ ಕಾಲುಂಗುರ ಬಿಚ್ಚಲು ಒದ್ದಾಡುತ್ತಿದ್ದುದನ್ನು ಪರಶಿವ ಕಂಡ. ಬೆರಳುಗಳು ಊದಿ ಉಂಗುರ ಮಾಂಸದೊಳಗೆ ಹೂತುಹೋಗಿತ್ತು.

"ಏನೇ ಇದು?"

"ಮೆಟ್ಟಿಲು ಹತ್ತಿ ಹತ್ತಿ ಕಾಲು ದಪ್ಪಗಾಗಿದೆ ಅಷ್ಟೆ. ನಿಮ್ಮಮ್ಮಂಗೆ ಹೇಳ್ಬೇಡಿ, ಮುತ್ತೈದೆ ಕಾಲುಂಗುರ ತೆಗೆದ್ಲು ಅಂತ ರಂಪ ಮಾಡ್ತಾರೆ."

"ಒಂದು ವಾರ ರೆಸ್ಟ್ ತಗೋಬಾರ್ದಾ?"

ಅವಳು ತಟಕ್ಕನೆ ತಲೆಯೆತ್ತಿದಳು. "ಒಂದು ವಾರ ನಿಂತ್ರೆ ಮನೇಲಿ ಅಭ್ಯಾಸ ಆಗೋಗುತ್ತೆ ರೀ. ಬೆಳಿಗ್ಗೆ ಎದ್ದು ದೋಸೆಗೆ ರುಬ್ಬು, ಹೂವು ಕೊಯ್ಯಿ ಅಂತ ಮತ್ತೆ ಶುರುವಾಗುತ್ತೆ. ಬೆಟ್ಟದ್ ಮೇಲೆ ಹೋಗಿ ನಿಂತ್ರೆ ಗಾಳಿ ಬರುತ್ತಲ್ಲ, ಅದೊಂದೇ ನಂದು ಅಂತ ಇರೋದು. ನಿಲ್ಸು ಅನ್ಬೇಡಿ."

ಅವಳ ಕಣ್ಣಲ್ಲಿ ನೀರಿತ್ತು. ಆದರೂ ಆಫೀಸಿಗೆ ಹೊತ್ತಾಗಿತ್ತು. ಪಟ್ಟಿ ಇದೆಯಲ್ಲ, ಹೆಚ್ಚುಕಡಿಮೆಯಾದರೆ ಅದೇ ಹೇಳುತ್ತದೆ ಎಂದುಕೊಂಡು ಹೊರಟ.

*

ಭೀಮನ ಅಮಾವಾಸ್ಯೆಗೆ ಮೂರು ದಿನ ಇದ್ದಾಗ ಡಾಕ್ಟರ್ ನಸ್ರೀನ್ ಅವನ ಮೇಜಿನ ಎದುರು ಬಂದು ಕೂತರು.

"ಗೌಸಿಯಾನಗರದ ಒಂದು ಹೆಣ್ಣುಮಗಳು. ಮೂವತ್ತೆಂಟು ವರ್ಷ. ನಿನ್ನೆ ಓಡ್ತಾ ಓಡ್ತಾ ಬಿದ್ದು ಸತ್ತೋದ್ಲು. ಹೃದಯದ ಗೋಡೆ ಕಾಗದದ ಹಾಗೆ ತೆಳ್ಳಗಾಗಿತ್ತಂತೆ. ನಮ್ಮ ಪರದೆ ಮೇಲೆ ಅವಳು ಕೊನೇ ನಿಮಿಷದವರೆಗೂ ಹಸಿರು."

"ಎಚ್ಚರಿಕೆ ಬಂದಿರ್ಲಿಲ್ವಾ?"

"ರಂಜಾನಲ್ಲಿ ಇಪ್ಪತ್ತೆರಡು ಸಲ ಬಂದಿದೆ. ಜರಡಿ ಹಿಡ್ಕೊಂಡಿದೆ. ಆಮೇಲೆ ಯಂತ್ರಕ್ಕೆ ಅದೇ ಮಾಮೂಲಾಗಿದೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಮೂವತ್ತು ದಿನ ಸೇರ್ಸಿ ಅಂದೋಳು ನಾನೇ ಪರಶಿವ. ಈಗ್ಲೇ ಜರಡಿ ತೆಗೀರಿ. ಎಲ್ಲಾ ಮನೇದೂ ಹಳೇ ಲೆಕ್ಕದಿಂದ ಮತ್ತೆ ಅಳೀಬೇಕು."

ಜರಡಿ ತೆಗೆಯುವುದೆಂದರೆ ಶಾಲು ಹೊದಿಸಿದವರ ಮುಂದೆ ತಪ್ಪೊಪ್ಪಿಕೊಳ್ಳುವುದು. ಅದೂ ಅಮಾವಾಸ್ಯೆ ಎದುರಿಗಿದ್ದಾಗ! ಊರಿನ ಹೆಂಗಸರೆಲ್ಲ ಗಂಡನ ಹೆಸರಲ್ಲಿ ಉಪವಾಸ ಕೂರುವ ದಿನ. ಹನ್ನೊಂದು ಸಾವಿರ ಪಟ್ಟಿ ಒಟ್ಟಿಗೆ ಕಿರುಚಿದರೆ ಕೇಂದ್ರಕ್ಕೆ ಬೆಂಕಿ ಹಚ್ಚುತ್ತಾರೆ.

"ಒಂದು ಮನೆ ನೋಡ್ಕೊಂಡು ಹಾಗೆಲ್ಲ ತೀರ್ಮಾನ ಮಾಡ್ಬಾರ್ದು ಡಾಕ್ಟ್ರೇ. ಹಬ್ಬ ಒಂದು ಕಳೀಲಿ. ಸೋಮವಾರ ಕೂತು ನೋಡೋಣ."

"ನಿಮ್ಮ ಮನೇದಾದ್ರೂ ಒಂದ್ಸಲ ತೆಗೆದು ನೋಡಿ."

"ನಮ್ಮನೇದು ನಂಗೊತ್ತಿಲ್ವಾ?" ಎಂದ ಪರಶಿವ, ಸ್ವಲ್ಪ ಒರಟಾಗಿಯೇ.

ಗೊತ್ತಿತ್ತು. ಊದಿದ ಕಾಲು, ತಣ್ಣನೆಯ ಕೈ, ಏಳೂಮುಕ್ಕಾಲು, ಎಲ್ಲ ಗೊತ್ತಿತ್ತು. ತೆಗೆದು ನೋಡಿದರೆ ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದರೆ ಅಮ್ಮನಿಗೆ, ಅಕ್ಕನಿಗೆ, ಅವಳಿಗೇ ಉತ್ತರ ಹೇಳಬೇಕಾಗುತ್ತದೆ. ಮೂರು ದಿನ ಅವನು ಆ ಸಂಖ್ಯೆಯನ್ನು ಒತ್ತಲಿಲ್ಲ. ಮೂರು ದಿನವೂ ಕಿವಿಯ ಹಿಂದೆ ಬೊಟ್ಟು ಅಂಟಿಸಿಕೊಂಡೇ ಆಫೀಸಿಗೆ ಬಂದ.

*

ಅಮಾವಾಸ್ಯೆಯ ಬೆಳಿಗ್ಗೆ ಅವನು ಆರಕ್ಕೇ ಕೇಂದ್ರದಲ್ಲಿದ್ದ. ಹಬ್ಬದ ದಿನ ಮುಖ್ಯ ಎಂಜಿನಿಯರು ಇರಲೇಬೇಕು. ಹತ್ತಕ್ಕೆ ಮನೆಗೆ ಬಂದು ಪೂಜೆಗೆ ಕೂರುತ್ತೇನೆ ಎಂದು ಹೆಂಡತಿಗೆ ಹೇಳಿದ್ದ. ಅವಳು ಹಿಂದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ.

ಏಳು ಗಂಟೆಗೆ ನಸ್ರೀನ್ ಓಡುತ್ತಲೇ ಒಳಗೆ ಬಂದರು. "ಇನ್ನೊಂದಾಯ್ತು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ. ಇವತ್ತು ಅಮಾವಾಸ್ಯೆ ಅಂತ ಜರಡಿ ಅದನ್ನೂ ನುಂಗಿದೆ. ತೆಗೀತೀರೋ, ನಾನೇ ತಂತಿ ಕಿತ್ತಾಕ್ಲೋ?"

ಈ ಸಲ ಪರಶಿವ ಕೂತು ಜರಡಿಯನ್ನು ತೆಗೆದ. ಹಳೆಯ ಎಚ್ಚರಿಕೆಗಳನ್ನೆಲ್ಲ ಲೆಕ್ಕಕ್ಕೆ ಸೇರಿಸಿ ಮತ್ತೆ ಅಳೆ ಎಂದು ಯಂತ್ರಕ್ಕೆ ಹೇಳಿದ. ಒಂದು ನಿಮಿಷ ಪರದೆ ಬಿಳಿಯಾಯಿತು. ಆಮೇಲೆ ಕೆಂಪು ಚುಕ್ಕೆಗಳು ಒಂದೊಂದಾಗಿ ಅಲ್ಲ, ಹಿಡಿಹಿಡಿಯಾಗಿ ಬಿದ್ದವು. ಸಾವಿರದ ಇನ್ನೂರ ಆರು ಮನೆಗಳು. ಅಪಾಯದ ಕ್ರಮದಲ್ಲಿ ಯಂತ್ರ ಸಾಲಾಗಿ ಬರೆದು ಕೊಟ್ಟಿತು. ಎರಡನೇ ಸಾಲಿನಲ್ಲಿ ಅವನ ಮನೆಯ ಸಂಖ್ಯೆ. ಪಕ್ಕದಲ್ಲಿ, ಮುಚ್ಚಿಟ್ಟ ಎಚ್ಚರಿಕೆಗಳು: ತೊಂಬತ್ತೊಂದು.

ನಸ್ರೀನ್ ಎಲ್ಲ ಪಟ್ಟಿಗಳಿಗೂ ‘ನಿಂತುಕೊಳ್ಳಿ, ಕೂತುಕೊಳ್ಳಿ’ ಎಂಬ ಸಂದೇಶ ಕಳಿಸುತ್ತಿದ್ದರು. ಪರಶಿವ ಹೆಂಡತಿಗೆ ಫೋನು ಮಾಡಿದ. ಮೂರನೇ ರಿಂಗಿಗೆ ಅವಳು ಎತ್ತಿದಳು.

"ರೀ, ಪಟ್ಟಿ ಯಾಕೋ ಒಂದೇ ಸಮ ಬಡ್ಕೊಳ್ತಿದೆ. ಇಷ್ಟು ದಿನ ಇಲ್ದಿದ್ದು."

"ದಾಕ್ಷಿ, ಎಲ್ಲಿದೀಯ? ಇದ್ದಲ್ಲೇ ಕೂತ್ಕೋ. ಹತ್ತಬೇಡ, ಇಳೀಲೂ ಬೇಡ. ನಾನು ಬರ್ತಿದೀನಿ."

"ನಂದಿ ದಾಟಿದೀನಿ. ಇನ್ನೊಂದು ಮುನ್ನೂರು ಇದೆ ಅಷ್ಟೆ." ಏದುಸಿರಿನ ನಡುವೆ ಅವಳು ನಕ್ಕಳು. "ಬೆಳಿಗ್ಗೆಯಿಂದ ಕಣ್ಣು ಕತ್ಲೆ ಬರ್ತಿತ್ತು, ಲೇಟಾಗೋಯ್ತು. ನಿಮ್ಮ ಪೂಜೆಗೆ ಬಂದ್ಬಿಡ್ತೀನಿ."

"ಪೂಜೆ ಹಾಳಾಗ್ಲಿ! ಕೂತ್ಕೋ ಅಂದ್ನಲ್ಲ!"

"ಹಾಗೆಲ್ಲ ಅನ್ಬಾರ್ದು ಇವತ್ತು" ಎಂದಳು ದಾಕ್ಷಾಯಿಣಿ. ಆಮೇಲೆ ಫೋನು ಕಲ್ಲಿನ ಮೇಲೆ ಬಿದ್ದ ಸದ್ದು. ಯಾರೋ ಹೆಂಗಸು ಅಯ್ಯಯ್ಯೋ ಎಂದು ಕೂಗಿದ್ದು ಕೇಳಿಸಿತು.

ಅವನೂ ನಸ್ರೀನೂ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆಂಬುಲೆನ್ಸು ಅವಳನ್ನು ತಂದಿತ್ತು. ತುರ್ತು ಘಟಕದ ಗಾಜಿನ ಆಚೆ ಅವಳು ಮಲಗಿದ್ದಳು. ಅಷ್ಟು ಸಣ್ಣಗಾಗಿದ್ದಾಳೆಂದು ಅವನಿಗೆ ಆಗಲೇ ತಿಳಿದದ್ದು. ದಿನಾ ಒಂದೇ ಮನೆಯಲ್ಲಿ ಉಂಡು ಮಲಗುವವನಿಗೆ!

ಗಂಟೆ ಹೊತ್ತಿನ ಮೇಲೆ ನಸ್ರೀನ್ ಒಳಗಿನ ವೈದ್ಯರೊಂದಿಗೆ ಮಾತಾಡಿ ಹೊರಗೆ ಬಂದರು. "ಹೃದಯ ತೀರಾ ಸೋತಿದೆ. ಔಷಧಿಗೆ ಜಗ್ತಾ ಇಲ್ಲ. ಒಂದೇ ದಾರಿ ಕಾಣ್ತಿರೋದು. ಇವತ್ತು ಅವಳ ಮೈಯಿಂದ ತೆಗೆದಿದ್ದನ್ನ ಅವಳಿಗೇ ವಾಪಸ್ ಕೊಡೋದು. ನಾಲ್ಕೂ ಬೊಟ್ಟು, ಒಟ್ಟಿಗೆ. ಬೇರೆಯವರದು ಈ ಸ್ಥಿತೀಲಿ ಅವಳ ಹೃದಯ ಒಪ್ಪಲ್ಲ, ಅವಳದ್ದೇ ಆಗ್ಬೇಕು. ಪಟ್ಟಿ ಎಲ್ಲಿ?"

ತೋಳಿನಲ್ಲಿ ಪಟ್ಟಿ ಇರಲಿಲ್ಲ. ಸೂಜಿ ಚುಚ್ಚಲು ಬೆಟ್ಟದಲ್ಲೇ ಬಿಚ್ಚಿದ್ದರು. ಜೊತೆಗೆ ಮೆಟ್ಟಿಲು ಹತ್ತುತ್ತಿದ್ದ ಎದುರುಮನೆಯ ಪ್ರಮೀಳಾ ತೆಗೆದುಕೊಂಡು ಹೋದರು ಎಂದು ಆಂಬುಲೆನ್ಸಿನವನು ಹೇಳಿದ. ಮೂರು ಗಂಟೆಯಲ್ಲಿ ಕೆಡುತ್ತದಲ್ಲ, ಮನೆಗೆ ಮುಟ್ಟಿಸುತ್ತೇನೆ ಅಂದರಂತೆ. ಒಳ್ಳೆಯ ಹೆಂಗಸು ಪ್ರಮೀಳಾ.

ಪರಶಿವ ಗಡಿಯಾರ ನೋಡಿದ. ಒಂಬತ್ತೂ ಹತ್ತು. ಇನ್ನೂ ಹೊತ್ತಿದೆ. ಮನೆಗೆ ಫೋನು ಮಾಡಿದ.

"ಅಮ್ಮ, ದಾಕ್ಷಿ ಪಟ್ಟಿ ಬಂತಾ?"

"ಬಂತು ಕಣಪ್ಪ. ಉಪವಾಸಕ್ಕೆ ತಲೆ ಸುತ್ತಿ ಬಿದ್ಲಂತಲ್ಲ, ಪ್ರಮೀಳಾ ಹೇಳಿದ್ಲು. ಗ್ಲೂಕೋಸ್ ಹಾಕಿದ್ರಾ? ಹೇಗಿದಾಳೆ?"

"ಪಟ್ಟಿ ಏನ್ ಮಾಡಿದ್ರಿ?"

"ಯಂತ್ರಕ್ಕಿಟ್ಟು ತೆಗೆದ್ವಿ. ಪಾಪ, ಆ ಹುಡುಗಿ ಅಷ್ಟು ಕಷ್ಟಪಟ್ಟಿರೋದು, ಹಾಳಾಗುತ್ತಲ್ಲ ಅಂತ ಎಲ್ರಿಗೂ ಹಚ್ಚಿಬಿಟ್ಟೆ. ವಿಶಾಲೂನೂ ಬಂದಿದ್ಲು, ಹಚ್ಕೊಂಡು ಹೋದ್ಲು. ನೀನೇನೂ ಯೋಚ್ನೆ ಮಾಡ್ಬೇಡ, ನಿಂದನ್ನ ಡಬ್ಬೀಲಿ ಎತ್ತಿಟ್ಟಿದೀನಿ."

ಬೊಟ್ಟು ಅಂಟಿದ ಹತ್ತೇ ನಿಮಿಷದಲ್ಲಿ ಎದೆಬಡಿತ ಸರಿಯಿದ್ದವರ ಚರ್ಮ ಅದನ್ನು ಪೂರ್ತಿ ಹೀರಿಬಿಡುತ್ತದೆ. ಕಿತ್ತರೆ ಸಿಗುವುದು ಬರೀ ಸಿಪ್ಪೆ. ತಾಯಿಯನ್ನು ಬೈದು ಏನು ಫಲ? ಮಾಡಿದ ಅಡಿಗೆ ಹಳಸಬಾರದೆಂದು ಉಣಬಡಿಸಿದ್ದರು ಅವರು. ಓಡಿದವಳಿಗೂ ಒಂದು ಪಾಲು ಬೇಕೆಂದು ಅವರಿಗೆ ಹೇಳಬೇಕಾಗಿದ್ದವನು ಪರಶಿವ.

"ಅಮ್ಮ, ದಾಕ್ಷಿ ಉಳೀಬೇಕಾದ್ರೆ ಅವಳ ಬೊಟ್ಟು ಅವಳಿಗೇ ಬೇಕು. ಆ ಡಬ್ಬೀನ ಇಂಚರಾ ಕೈಲಿ ಕಳ್ಸು. ಈಗಿಂದೀಗ್ಲೇ."

ಇಂಚರಾ ಸ್ಕೂಟರಿನಲ್ಲಿ ಬಂದಳು. ಎದೆಗೆ ಅವುಚಿಕೊಂಡಿದ್ದ ಸ್ಟೀಲ್ ಡಬ್ಬಿಯನ್ನು ನಸ್ರೀನರ ಕೈಗಿಟ್ಟಳು. ಅವಳ ಎಡಗಿವಿಯ ಹಿಂದೆ ಚರ್ಮ ಕಿತ್ತು ರಕ್ತ ಒಸರುತ್ತಿತ್ತು. ಫೋನಿನ ಮಾತು ಕೇಳಿಸಿಕೊಂಡವಳೇ ಬಚ್ಚಲಿಗೆ ಹೋಗಿ ಉಗುರಿನಿಂದ ಕೆರೆದಿದ್ದಳು. ಇನ್ನೊಂದು ಕೈಯನ್ನು ಬಿಚ್ಚಿ ತೋರಿಸಿದಳು. ಮುದುರಿದ, ಬಣ್ಣಗೆಟ್ಟ ಸಿಪ್ಪೆಯೊಂದು ಅಂಗೈಗೆ ಅಂಟಿತ್ತು.

"ಇದರಲ್ಲಿ ಸ್ವಲ್ಪಾನಾದ್ರೂ ಉಳಿದಿರಲ್ವಾ ಡಾಕ್ಟ್ರಾಂಟಿ? ನನಗೆ ಗೊತ್ತಿರ್ಲಿಲ್ಲ. ಅಜ್ಜಿ ಹಚ್ಚಿದ್ರು, ನಾನು ಓದ್ತಾ ಇದ್ದೆ."

ನಸ್ರೀನ್ ಅವಳ ಅಂಗೈಯನ್ನು ಮೆಲ್ಲಗೆ ಮಡಿಸಿ ತಲೆ ನೇವರಿಸಿದರು.

ಮೂವರೂ ಒಳಗೆ ಹೋದರು. ಉಳಿದಿದ್ದ ಒಂದೇ ಒಂದು ಬೊಟ್ಟನ್ನು ನಸ್ರೀನ್ ದಾಕ್ಷಾಯಿಣಿಯ ಕಿವಿಯ ಹಿಂದೆ ಅಂಟಿಸಿದರು. ಎರಡೂವರೆ ವರ್ಷದಲ್ಲಿ ಅವಳ ಮೈಗೆ ಬೊಟ್ಟು ತಾಗಿದ್ದು ಅದೇ ಮೊದಲು. ಮಂಚದ ಪಕ್ಕದ ಪರದೆಯ ಮೇಲಿನ ಗೆರೆ ಒಂಚೂರು ಮೇಲೆದ್ದಿತು. ಪರಶಿವ ಅವಳ ಕೈ ಹಿಡಿದುಕೊಂಡು ದೇವರೇ, ದೇವರೇ ಎಂದು ಗೊಣಗುತ್ತಿದ್ದ.

ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಮೊದಲು ಕಂಡದ್ದು ಮಗಳ ಕಿವಿ.

"ಏನೇ ಅದು, ರಕ್ತ?"

"ಏನಿಲ್ಲಮ್ಮ. ಕೆರ್ಕೊಂಡೆ."

"ಎಣ್ಣೆ ಹಚ್ಕೋ." ಅವಳ ದೃಷ್ಟಿ ನಿಧಾನವಾಗಿ ಗಂಡನ ಕಡೆ ಹೊರಳಿತು. "ಹೊತ್ತಾಗೋಯ್ತಲ್ಲ ರೀ. ಬೊಟ್ಟು ಕೆಟ್ಟೋಯ್ತೇನೋ. ಎಲ್ರಿಗೂ ಸಿಕ್ತಾ?"

"ಸಿಕ್ತು. ಅಮ್ಮಂಗೆ, ಅಕ್ಕಂಗೆ, ಎಲ್ರಿಗೂ."

"ನಿಮಗೆ?"

ಅವಳು ಉತ್ತರಕ್ಕೆ ಕಾಯುತ್ತಿದ್ದಳು.

"ನಂಗೂ ಸಿಕ್ತು ಕಣೇ" ಎಂದ.

ಅವಳು ಸಮಾಧಾನದಿಂದ ಕಣ್ಣು ಮುಚ್ಚಿಕೊಂಡಳು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಪರದೆಯ ಗೆರೆ ನೆಟ್ಟಗಾಯಿತು. ನಸ್ರೀನ್ ಬಗ್ಗಿ ಅವಳ ಕಿವಿಯ ಹಿಂದೆ ನೋಡಿದರು. ಬೊಟ್ಟು ಇನ್ನೂ ಅರ್ಧದಷ್ಟೂ ಕರಗಿರಲಿಲ್ಲ.